ಆವತಿಯ ಬೈರೇಗೌಡನ ಜಾಡು ಹಿಡಿದು

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹಿಂದೂಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಪ್ರಯಾಣ ಮಾಡದವರು ಈ ಸಭೆಯಲ್ಲಿ ಬಹು ವಿರಳ. ಗೌರಿಬಿದನೂರು ದಾಟಿದ ಮೇಲೆ ದೊಡ್ಡಬಳ್ಳಾಪುರ ಬರುತ್ತದೆ, ಅನಂತರ ಯಲಹಂಕ. ಬಸ್ಸಿನಲ್ಲಿ ಬಾಗೇಪಲ್ಲಿಯ ಮಾರ್ಗವಾಗಿ ಹೋದವರು ಚಿಕ್ಕಬಳ್ಳಾಪುರವನ್ನೂ ದೇವನಹಳ್ಳಿಯನ್ನೂ ಕಾಣುತ್ತಾರೆ. ಈ ಊರುಗಳೆಲ್ಲ ಒಂದೇ ಮನೆತನದ ಕಥೆಯೊಡನೆ ಹೆಣೆದುಕೊಂಡಿವೆ ಎಂಬುದನ್ನು ಕಿಟಕಿಯ ಬಳಿ ಕುಳಿತು ಶೇಂಗಾ ಬಿಡಿಸುತ್ತಿರುವ ಪ್ರಯಾಣಿಕನು ಸಾಮಾನ್ಯವಾಗಿ ನೆನೆಯುವುದಿಲ್ಲ. ಆ ಮನೆತನದ ಮೂಲಪುರುಷನು ರಾಜನಾಗಿ ಬಂದವನಲ್ಲ, ದಂಡೆತ್ತಿ ಬಂದವನೂ ಅಲ್ಲ. ಊರು ಬಿಟ್ಟು, ಹೆಂಡಿರು ಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು, ನೆಲೆ ಹುಡುಕುತ್ತ ಬಂದ ಒಬ್ಬ ಒಕ್ಕಲಿಗನು ಅವನು. ಅವನ ಜಾಡನ್ನು ಹಿಡಿದು ಹೋಗುವುದು ಹೇಗೆ, ಹಾಗೆ ಹೋದರೆ ನಮಗೆ ದೊರೆಯುವುದೇನು ಎಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಮೊದಲು ಕಥೆಯನ್ನು ಹೇಳುತ್ತೇನೆ. ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿಯೂ ಇದು ಸೇರಿದೆ. ಮೊರಸು ಒಕ್ಕಲಿಗರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದೂ ಇದೇ. ಸುಮಾರು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕಾಂಚೀಪುರದ ಕಡೆಯಿಂದ ಏಳು ಜನ ಸಹೋದರರು ತಮ್ಮ ಸಂಸಾರಗಳೊಡನೆ ಹೊರಟರು. ಅವರ ಮುಖಂಡನು ಬೈರೇಗೌಡ. ಕೆಲವರು ಅವನನ್ನು ರಣಭೈರೇಗೌಡನೆಂದು ಕರೆಯುತ್ತಾರೆ. ಅವರ ಆರಾಧ್ಯದೈವ ಕಾಲಭೈರವ. ಅವರಲ್ಲೊಬ್ಬನಿಗೆ ದೊಡ್ಡಮ್ಮ ಎಂಬ ಮಗಳಿದ್ದಳು. ಆ ಸೀಮೆಯ ಬಲಿಷ್ಠನಾದ ಪಾಳೆಯಗಾರನು ಆಕೆಯನ್ನು ತನಗೆ ಕೊಟ್ಟು ಮದುವೆ ಮಾಡಬೇಕೆಂದು ಒತ್ತಾಯ ಮಾಡಿದನು. ಅವನು ಬೇರೆ ಜಾತಿಯವನು. ಇವರಿಗೆ ಆ ಸಂಬಂಧ ಒಪ್ಪಿಗೆಯಾಗಲಿಲ್ಲ. ಎದುರಿಸಿ ನಿಲ್ಲುವ ಶಕ್ತಿಯೂ ಇರಲಿಲ್ಲ. ಹೊಲ, ಮನೆ, ಪಿತ್ರಾರ್ಜಿತ ಎಲ್ಲವನ್ನೂ ಬಿಟ್ಟು ರಾತ್ರೋರಾತ್ರಿ ಬಂಡಿ ಕಟ್ಟಿದರು. ಹಿಂದೆ ಅಟ್ಟಿಸಿಕೊಂಡು ಬರುವ ದಂಡು. ಮುಂದೆ ಪ್ರವಾಹದಿಂದ ತುಂಬಿ ಹರಿಯುವ ಪಾಲಾರು. ದೊಡ್ಡಮ್ಮನು ತನ್ನ ಕಿವಿಯ ಓಲೆಯನ್ನು ಗಂಗಮ್ಮನಿಗೆ ಅರ್ಪಿಸಿ ಬೇಡಿಕೊಂಡಳಂತೆ. ಹೊಳೆ ಇಬ್ಭಾಗವಾಗಿ ಇವರಿಗೆ ದಾರಿ ಬಿಟ್ಟು, ಬೆನ್ನಟ್ಟಿದವರು ಬರುವ ವೇಳೆಗೆ ಮತ್ತೆ ಕೂಡಿಕೊಂಡಿತಂತೆ. ಹೀಗೆ ಬಂದವರು ನಂದಿಯ ಪೂರ್ವದಲ್ಲಿರುವ ರಾಮಸ್ವಾಮಿ ಬೆಟ್ಟದ ತಪ್ಪಲಲ್ಲಿ ಬಂಡಿ ಬಿಚ್ಚಿದರು. ಕನಸಿನಲ್ಲಿ ಆದ ಅಪ್ಪಣೆಯಂತೆ ಅಲ್ಲಿಯೇ ನೆಲೆನಿಂತರು. ಅದೇ ಇಂದಿನ ಆವತಿ.

ಮುಂದೆ ಈ ಕುಟುಂಬ ಕವಲೊಡೆಯಿತು. ಒಂದು ಕವಲು ಹೊಳವನಹಳ್ಳಿಗೆ ಹೋಯಿತು, ಇನ್ನೊಂದು ಸುಗಟೂರಿಗೆ. ಜಯಗೌಡನು ಯಲಹಂಕದಲ್ಲಿ ನೆಲೆಸಿದನು. ಮಲ್ಲಬೈರೇಗೌಡನು ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಯಲಹಂಕದ ಕವಲಿನಲ್ಲಿ ಹುಟ್ಟಿದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಗೆ ಅಸ್ತಿಭಾರ ಹಾಕಿದನು. ದೇವನಹಳ್ಳಿಯು 1749ರಲ್ಲಿ ಮೈಸೂರಿನ ವಶವಾಯಿತು. ಬಂಡಿಗಳು ನಿಂತ ಆ ಸೀಮೆಯಲ್ಲಿಯೇ ಈಗ ವಿಮಾನಗಳು ಇಳಿಯುತ್ತವೆ. ಆ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರು. ಅಲ್ಲಿ 2022ರಲ್ಲಿ ಅವನ 108 ಅಡಿ ಎತ್ತರದ ಪ್ರತಿಮೆಯನ್ನು ಅನಾವರಣ ಮಾಡಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಮಕ್ಕಳೆ, ಈಗ ನೀವು ಕೇಳಬೇಕಾದ ಪ್ರಶ್ನೆ: ಇದೆಲ್ಲವೂ ನಿಜವೆ? ಹಳೆಯವರನ್ನು ಅರಸಿ ಹೋಗುವವನಿಗೆ ಮೂವರು ಸಾಕ್ಷಿಗಳು ಸಿಗುತ್ತಾರೆ. ಬಾಯಿ, ಕಾಗದ, ಕಲ್ಲು. ಬಾಯಿ ಬಹಳ ಹಿಂದಿನದನ್ನು ನೆನಪಿಡುತ್ತದೆ. ಆದರೆ ಹೇಳುತ್ತ ಹೇಳುತ್ತ ಬಣ್ಣ ಕಟ್ಟುತ್ತದೆ. ಕಾಗದ ಹೆಚ್ಚು ನಿಖರ. ಆದರೆ ಬರೆಸಿದವನಿಗೆ ಬೇಕಾದುದನ್ನೇ ಬರೆದಿರುವ ಸಂಭವವುಂಟು. ಕಲ್ಲು ಮಿತಭಾಷಿ. ಆವತಿನಾಡ ಪ್ರಭು, ಯಲಹಂಕನಾಡ ಪ್ರಭು ಎಂಬ ಬಿರುದುಗಳು ಶಾಸನಗಳಲ್ಲಿವೆ. ಇಂಥ ಗುಡಿಗೆ ಇಂಥ ಭೂಮಿಯನ್ನು ಬಿಟ್ಟರು ಎಂಬ ಮಾತಿದೆ. ಹೊಳೆ ಸೀಳಿದ ಸಂಗತಿ ಉಳಿದುಬಂದಿರುವುದು ಬಾಯಿಮಾತಿನಲ್ಲಿ. ಹಾಗಾದರೆ ಪಾಲಾರಿನ ಕಥೆಯನ್ನು ಬಿಸುಡಬೇಕೆ? ಬೇಡ. ಅದನ್ನು ಅದರ ಸ್ಥಾನದಲ್ಲಿ ಇಡೋಣ. ಹೊಳೆ ದಾರಿ ಬಿಟ್ಟಿತೋ ಇಲ್ಲವೋ, ದಾಟಿದವರ ಎದೆಯಲ್ಲಿದ್ದ ಭಯವಂತೂ ನಿಜವಾಗಿರಬೇಕು. ಆರು ನೂರು ವರ್ಷಗಳ ತನಕ ಮೊಮ್ಮಕ್ಕಳು ಅದನ್ನು ಮರೆಯಲಿಲ್ಲವೆಂಬುದೇ ಅದಕ್ಕೆ ಸಾಕ್ಷಿ.

ಇಂಥ ಹುಡುಕಾಟ ನಮ್ಮ ದೇಶದಲ್ಲಿ ಮಾತ್ರ ನಡೆಯುತ್ತಿದೆಯೆಂದು ತಿಳಿಯಬಾರದು. ಅಮೆರಿಕದ ಈಶಾನ್ಯ ಭಾಗದಲ್ಲಿ ನ್ಯೂ ಇಂಗ್ಲೆಂಡ್ ಎಂಬ ಪ್ರದೇಶವಿದೆ. ಇಂಗ್ಲೆಂಡಿನ ಚರ್ಚಿನ ಆಡಂಬರವನ್ನು ಒಪ್ಪದೆ, ಧರ್ಮವನ್ನು ಶುದ್ಧಗೊಳಿಸಬೇಕೆಂದು ಹಟ ಹಿಡಿದ ಜನರಿಗೆ ಪ್ಯೂರಿಟನ್ನರೆಂದು ಹೆಸರು. ಚರ್ಚಿನಿಂದ ಪೂರ್ತಿಯಾಗಿ ಬೇರೆಯಾದ ಒಂದು ಪಂಗಡದವರೂ ಅವರೊಡನೆ ಹೊರಟ ಇತರರೂ ಸೇರಿ 102 ಮಂದಿ 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಸಮುದ್ರ ದಾಟಿ ಪ್ಲಿಮತ್ ಎಂಬಲ್ಲಿ ಇಳಿದರು. ಮೊದಲನೆಯ ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಸುಮಾರು ಅರ್ಧ ಜನ ತೀರಿಕೊಂಡರು. 1630ರಲ್ಲಿ ಜಾನ್ ವಿಂತ್ರಪ್ ಎಂಬಾತನ ಮುಂದಾಳುತನದಲ್ಲಿ ಇನ್ನೂ ದೊಡ್ಡ ಗುಂಪು ಬಂದು ಬಾಸ್ಟನ್ ನಗರವನ್ನು ಕಟ್ಟಿತು. ಬಂಡಿಯ ಬದಲು ಹಡಗು, ಪಾಲಾರಿನ ಬದಲು ಅಟ್ಲಾಂಟಿಕ್ ಸಾಗರ; ಆದರೆ ಬಲವಂತಕ್ಕೆ ತಲೆಬಾಗದೆ ನೆಲ ಬಿಟ್ಟವರ ಕಥೆಯೇ ಅದೂ.

ಆ ಜನರ ಒಂದು ಗುಣವನ್ನು ನಾವು ಗಮನಿಸಬೇಕು. ಅವರು ಬರೆದಿಟ್ಟರು. ಹುಟ್ಟು, ಮದುವೆ, ಸಾವು, ಜಮೀನಿನ ಹಂಚಿಕೆ, ಊರ ಸಭೆಯ ತೀರ್ಮಾನ ಎಲ್ಲವನ್ನೂ ಪುಸ್ತಕಕ್ಕೆ ಏರಿಸಿದರು. ಪ್ಲಿಮತ್ತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತನ್ನ ಜನರ ಚರಿತ್ರೆಯನ್ನು ಸ್ವಹಸ್ತದಿಂದ ಬರೆದನು. ಆ ಹಸ್ತಪ್ರತಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗಲಾಟೆಯಲ್ಲಿ ಕಾಣೆಯಾಗಿ, 1855ರಲ್ಲಿ ಲಂಡನ್ನಿನ ಬಿಷಪ್ಪನ ಪುಸ್ತಕಾಲಯದಲ್ಲಿ ಪತ್ತೆಯಾಗಿ, 1897ರಲ್ಲಿ ಮ್ಯಾಸಚೂಸೆಟ್ಸಿಗೆ ಹಿಂದಿರುಗಿತು. ಬಾಸ್ಟನ್ನಿನಲ್ಲಿ ವಂಶಾವಳಿಗಳನ್ನು ಶೋಧಿಸುವುದಕ್ಕೆಂದೇ ಒಂದು ಸಂಘ 1845ರಲ್ಲಿ ಸ್ಥಾಪನೆಯಾಯಿತು. ಮೇಫ್ಲವರಿನ ಯಾತ್ರಿಕನೊಬ್ಬನ ಸಂತತಿಯವನು ತಾನೆಂದು ಹೇಳಿಕೊಳ್ಳಬೇಕಾದರೆ ಒಂದೊಂದು ತಲೆಮಾರಿಗೂ ದಾಖಲೆ ತೋರಿಸಬೇಕು. ಅಜ್ಜ ಹೇಳಿದನೆಂದರೆ ಸಾಲದು. ಅಲ್ಲದೆ 1647ರಲ್ಲಿಯೇ ಮ್ಯಾಸಚೂಸೆಟ್ಸಿನವರು ಒಂದು ಕಾನೂನು ಮಾಡಿ, 50 ಮನೆಗಳಿರುವ ಪ್ರತಿಯೊಂದು ಊರೂ ಓದುಬರಹ ಕಲಿಸುವ ಉಪಾಧ್ಯಾಯನೊಬ್ಬನನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿದರು. ಓದಲು ಬಾರದವನಿಗೆ ದಾಖಲೆಯಿದ್ದರೂ ಅದು ಇಲ್ಲದಂತೆಯೇ ಸರಿ.

ಆದರೆ ದಾಖಲೆಯು ಹೊಗಳಿಕೆಯನ್ನು ಮಾತ್ರ ಉಳಿಸುವುದಿಲ್ಲ. ನತಾನಿಯಲ್ ಹಾಥಾರ್ನ್ ಎಂಬ ಪ್ರಸಿದ್ಧ ಕಾದಂಬರಿಕಾರನು 1804ರಲ್ಲಿ ಸೇಲಂ ಎಂಬ ಊರಿನಲ್ಲಿ ಹುಟ್ಟಿದನು. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಮ್ಯಾಸಚೂಸೆಟ್ಸಿನ ಸೇಲಂ. ಅವನಿಂದ ಹಿಂದಕ್ಕೆ ಐದನೆಯ ತಲೆಯವನಾದ ವಿಲಿಯಂ ಹಾಥಾರ್ನ್ 1630ರಲ್ಲಿ ಬಂದ ಪ್ಯೂರಿಟನ್. ಯೋಧ, ಶಾಸನಕರ್ತ, ನ್ಯಾಯಾಧಿಕಾರಿ. ಕ್ವೇಕರ್ ಎಂಬ ಇನ್ನೊಂದು ಪಂಥದವರನ್ನು ಹಿಂಸಿಸಿದವರಲ್ಲಿ ಅವನೂ ಒಬ್ಬ. ಅವನ ಮಗ ಜಾನನು 1692ರಲ್ಲಿ ಸೇಲಂನಲ್ಲಿ ನಡೆದ ಮಾಟಗಾತಿಯರ ವಿಚಾರಣೆಯಲ್ಲಿ ನ್ಯಾಯಾಧೀಶನಾಗಿ ಕುಳಿತವನು. ಮಾಟ ಮಾಡಿದರೆಂಬ ಸುಳ್ಳು ಆರೋಪದ ಮೇಲೆ ಆಗ 19 ಮಂದಿಯನ್ನು ಗಲ್ಲಿಗೇರಿಸಿದರು. ಧರ್ಮದ ಹೆಸರಿನಲ್ಲಿ ಹಿಂಸೆಯುಂಡು ಓಡಿ ಬಂದವರೇ ಧರ್ಮದ ಹೆಸರಿನಲ್ಲಿ ಹಿಂಸೆ ಮಾಡಿದರು. ಈ ಸಂಗತಿಗಳನ್ನು ತಿಳಿದ ಲೇಖಕನು ಅವನ್ನು ಮುಚ್ಚಿಡಲಿಲ್ಲ. 1850ರಲ್ಲಿ ಪ್ರಕಟವಾದ ತನ್ನ ಕಾದಂಬರಿಯ ಪೀಠಿಕಾಭಾಗದಲ್ಲಿ ಆ ಹಿರಿಯರ ಹಿರಿಮೆಯನ್ನೂ ಕ್ರೌರ್ಯವನ್ನೂ ಎದುರೆದುರಿಗಿಟ್ಟು, ಅವರ ಪರವಾಗಿ ನಾಚಿಕೆಯ ಭಾರವನ್ನು ತಾನು ಹೊತ್ತುಕೊಂಡನು. ಪೂರ್ವಿಕರನ್ನು ಅರಸುವವನಿಗೆ ಇರಬೇಕಾದ ಮನಸ್ಸು ಇಂಥದು.

ಇದೇ ಮನಸ್ಸಿನಿಂದ ನಮ್ಮ ಬೈರೇಗೌಡನನ್ನೂ ನೋಡೋಣ. ಒಬ್ಬ ಹೆಣ್ಣುಮಗಳ ಮಾನಕ್ಕಾಗಿ ಏಳು ಸಂಸಾರಗಳು ಬೆಳೆದ ಪೈರನ್ನೂ ಹುಟ್ಟಿದ ಮನೆಯನ್ನೂ ಬಿಟ್ಟು ಹೊರಟವು. ಮಗಳನ್ನು ಕೊಟ್ಟು ಹೊಲ ಉಳಿಸಿಕೊಳ್ಳುವುದು ಸುಲಭವಾಗಿತ್ತು. ಹೊಲ ಕೊಟ್ಟು ಮಗಳನ್ನು ಉಳಿಸಿಕೊಂಡರು. ಇದು ಅವರ ಹಿರಿಮೆ. ಆದರೆ ಅವರ ನಿರಾಕರಣೆಯಲ್ಲಿ ಜಾತಿಯ ಅಭಿಮಾನವೂ ಬೆರೆತಿತ್ತೆಂಬುದನ್ನು ಕಥೆಯೇ ಹೇಳುತ್ತದೆ. ಮತ್ತೊಂದು ಮಾತು. ಈ ಕಥೆಯಲ್ಲಿ ದೊಡ್ಡಮ್ಮನು ಹೊಳೆಯ ಮುಂದೆ ಮಾತ್ರ ಬಾಯಿ ತೆರೆಯುತ್ತಾಳೆ. ಆಕೆಯ ಇಷ್ಟವೇನೆಂದು ಯಾರೂ ಕೇಳಿದಂತಿಲ್ಲ. ಇದೇ ಸಮುದಾಯದ ಒಂದು ಶಾಖೆಯಲ್ಲಿ, ಹಿರಿಯ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುನ್ನ ತಾಯಿಯು ಬಲಗೈಯ ಎರಡು ಬೆರಳುಗಳ ತುದಿಯನ್ನು ದೇವರಿಗೆ ಕತ್ತರಿಸಿಕೊಡುವ ಪದ್ಧತಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, ಜನರೂ ಬಿಟ್ಟುಬಿಟ್ಟರು. ಪೂರ್ವಿಕರ ಧೈರ್ಯವನ್ನು ಇಟ್ಟುಕೊಂಡು ಅವರ ಕ್ರೂರಾಚಾರವನ್ನು ಬಿಡುವುದು ಪಿತೃದ್ರೋಹವಲ್ಲ. ಹಿರಿಯರಿಗೆ ಸಲ್ಲಿಸುವ ನಿಜವಾದ ತರ್ಪಣವೇ ಅದು.

ಪೋಷಕರಲ್ಲಿ ಇಲ್ಲಿಯೇ ಒಂದು ವಿಜ್ಞಾಪನೆ. ಒಂಬತ್ತನೆಯ ತರಗತಿಗೆ ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಹತ್ತನೆಯ ತರಗತಿಗೆ ಬರುವುದಿಲ್ಲ. ಕೇಳಿದರೆ ಮದುವೆ ಗೊತ್ತಾಗಿದೆ ಎನ್ನುತ್ತೀರಿ. ಮಗಳಿಗಾಗಿ ನೆಲವನ್ನೇ ಬಿಟ್ಟವರ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸೀಮೆ ನಮ್ಮದು. ಮಗಳಿಗಾಗಿ ಕೆಲವು ವರ್ಷ ಕಾಯಲಾರೆವೆ?

ಇನ್ನು ಒಂದು ಲೆಕ್ಕ. ವಿದ್ಯಾರ್ಥಿಗಳು ಸ್ಲೇಟಿನ ಮೇಲೆ ಮಾಡಿ ನೋಡಬಹುದು. ನಿಮಗೆ ತಂದೆತಾಯಿ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅವರ ತಂದೆತಾಯಿಗಳು ಎಂಟು ಮಂದಿ. ಹೀಗೆ ಪ್ರತಿ ತಲೆಗೂ ಇಮ್ಮಡಿಯಾಗುತ್ತ ಹತ್ತನೆಯ ತಲೆಗೆ 1,024 ಆಗುತ್ತದೆ. ಒಂದು ತಲೆಮಾರಿಗೆ 30 ವರ್ಷ ಎಂದು ಹಿಡಿದರೆ ಬೈರೇಗೌಡನ ಕಾಲಕ್ಕೆ ಇಪ್ಪತ್ತು ತಲೆಗಳು. ಆಗ ಲೆಕ್ಕ 10,48,576ಕ್ಕೆ ಏರುತ್ತದೆ. ನೆಂಟರೊಳಗೇ ಮದುವೆಗಳಾಗುವುದರಿಂದ ಒಬ್ಬನೇ ಹಿರಿಯನು ಅನೇಕ ಸಲ ಎಣಿಕೆಗೆ ಬರುತ್ತಾನೆ, ನಿಜ. ಆದರೂ ಒಬ್ಬ ಗೌಡನನ್ನೋ ಒಬ್ಬ ದಂಡನಾಯಕನನ್ನೋ ತೋರಿಸಿ, ಇವನೇ ನನ್ನ ಮೂಲ ಎಂದು ಮೀಸೆ ತಿರುವುವವನು ಉಳಿದ ಲಕ್ಷಾಂತರ ಮಂದಿಯನ್ನು ಮರೆತಂತಾಯಿತು. ಅವರಲ್ಲಿ ಕೆರೆಗೆ ಮಣ್ಣು ಹೊತ್ತವರಿದ್ದರು, ಕುರಿ ಕಾಯ್ದವರಿದ್ದರು, ಮಗ್ಗದ ಗುಂಡಿಯಲ್ಲಿ ಜೀವ ಸವೆಸಿದವರಿದ್ದರು, ಬರಗಾಲದಲ್ಲಿ ಅನ್ನವಿಲ್ಲದೆ ಸತ್ತವರೂ ಇದ್ದರು. ವಂಶಾವಳಿಯನ್ನು ಸರಿಯಾಗಿ ಲೆಕ್ಕ ಹಾಕಿದವನಿಗೆ ಗರ್ವ ಇಳಿದು ನೆಂಟಸ್ತಿಕೆ ಬೆಳೆಯುತ್ತದೆ.

ಭಾಷೆಯ ವಿಷಯದಲ್ಲಿಯೂ ಈ ಮನೆತನ ನಮಗೆ ಪಾಠ ಹೇಳುತ್ತದೆ. ಅವರು ಬಂದದ್ದು ತಮಿಳು ಸೀಮೆಯಿಂದ. ನೆಲೆಸಿದ್ದು ಕನ್ನಡ ಸೀಮೆಯಲ್ಲಿ. ಮೊರಸು ಒಕ್ಕಲಿಗರಲ್ಲಿ ಕನ್ನಡ ಮಾತಿನ ಮನೆಗಳೂ ಇವೆ, ತೆಲುಗು ಮಾತಿನ ಮನೆಗಳೂ ಇವೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನು ತೆಲುಗಿನಲ್ಲಿ ಗಂಗಾಗೌರೀವಿಲಾಸವೆಂಬ ಯಕ್ಷಗಾನವನ್ನು ರಚಿಸಿದನೆಂದು ಪ್ರತೀತಿಯಿದೆ. ನಮ್ಮ ಹಿಂದೂಪುರವನ್ನೇ ನೋಡಿ. ಗುತ್ತಿಯ ಮರಾಠ ದೊರೆ ಮುರಾರಿರಾಯನು ತನ್ನ ತಂದೆ ಹಿಂದೂರಾಯನ ಹೆಸರಿನಲ್ಲಿ ಈ ಊರನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಆದರೆ ಅವನಿಗಿಂತ ಎಷ್ಟೋ ಮೊದಲು ಈ ಸೀಮೆಯಲ್ಲಿ ಜನರಿದ್ದರು. ಅಮರಾಪುರದ ಹತ್ತಿರದ ಹೇಮಾವತಿಯು ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿ ಸಾವಿರ ವರ್ಷಕ್ಕೂ ಹಳೆಯ ಕನ್ನಡ ಶಾಸನಗಳಿವೆ. ಲೇಪಾಕ್ಷಿಯ ಗುಡಿಯ ಗೋಡೆಯಲ್ಲಿಯೂ ಕನ್ನಡ ಅಕ್ಷರಗಳಿವೆ. ನ್ಯೂ ಇಂಗ್ಲೆಂಡಿಗೆ ಹೋದವರು ಆ ನೆಲ ಬರಿದಾಗಿದೆಯೆಂದು ಭಾವಿಸಿದರು. ಅಲ್ಲಿ ವಾಂಪನೋಗ್ ಮುಂತಾದ ಮೂಲನಿವಾಸಿಗಳು ಇದ್ದರು, ಮೊದಲ ವರ್ಷಗಳಲ್ಲಿ ಅವರ ಸಹಾಯದಿಂದಲೇ ಇವರು ಬದುಕಿಕೊಂಡರು. ಆದುದರಿಂದ ನಮ್ಮವರು ಎಲ್ಲಿಂದ ಬಂದರು ಎಂದು ಕೇಳುವವನು, ಬಂದಾಗ ಇಲ್ಲಿ ಯಾರಿದ್ದರು, ಯಾರು ನೀರು ಕೊಟ್ಟರು ಎಂದೂ ಕೇಳಬೇಕು.

1953ರಲ್ಲಿ ಆಂಧ್ರ ರಾಜ್ಯವಾದಾಗ ನಮ್ಮ ತಾಲ್ಲೂಕುಗಳು ಅದರಲ್ಲಿ ಸೇರಿದವು. 2022ರಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದವು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಗೆರೆಗಳು ಬದಲಾಗುತ್ತವೆ. ನಾವು ಇತ್ತಲವರೋ ಅತ್ತಲವರೋ ಎಂದು ಮಕ್ಕಳು ಕೇಳುವುದುಂಟು. ಬಂದು ನೆಲೆಸಿದವರೇ ಎಲ್ಲರೂ ಎಂಬುದನ್ನು ಬೈರೇಗೌಡನ ಕಥೆ ತಿಳಿಸುತ್ತದೆ. ನೆಲೆಸಿದ ಊರಿಗೆ ಕೆರೆಯನ್ನೋ ಕಟ್ಟೆಯನ್ನೋ ಶಾಲೆಯನ್ನೋ ಕೊಟ್ಟವನು ಆ ಊರಿನವನು. ತೆಲುಗನ್ನು ಗೌರವದಿಂದ ಕಲಿಯಿರಿ. ಕನ್ನಡವನ್ನು ಮನೆಯ ದೀಪದಂತೆ ಕಾಯಿರಿ.

ಕನ್ನಡವನ್ನು ಕಾಯಬೇಕೆನ್ನುವುದಕ್ಕೆ ಕೇವಲ ಅಭಿಮಾನವಲ್ಲದೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ, ಗಂಟು ಕಟ್ಟಿದ ಬಟ್ಟೆಯಲ್ಲಿ, ಹಿರಿಯರ ಕಾಗದಗಳು ಇನ್ನೂ ಇವೆ. ಕ್ರಯಪತ್ರ, ಪಾಲುಪಟ್ಟಿ, ಇನಾಮಿನ ಕಾಗದ, ಸಾಲದ ಲೆಕ್ಕ. ಕೆಲವು ಕಡೆ ಕಡತವೂ ಸಿಗಬಹುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. 1800ರಲ್ಲಿ ನಮ್ಮ ಸೀಮೆ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಸಾಹೇಬರು 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದು ಹೊಲಹೊಲವನ್ನೂ ಅಳೆಸಿ ರೈತರ ಹೆಸರು ಬರೆಸಿದರು. ಆಮೇಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇನಾಂ ಕಮಿಷನ್ನು ಬಂದು, ಯಾವ ಭೂಮಿ ಯಾರಿಂದ ಯಾರಿಗೆ ಬಂತೆಂದು ಕೇಳಿ ಬರೆದುಕೊಂಡಿತು. ಕಾಗದವಿಲ್ಲದ ಮನೆಗಳಿಗೆ ಹೆಳವರಿದ್ದರು. ಎತ್ತಿನ ಮೇಲೆ ಕುಳಿತು ಊರಿಂದ ಊರಿಗೆ ಬಂದು, ಅಂಗಳದಲ್ಲಿ ನಿಂತು, ಈ ಮನೆಯ ಮೂಲಪುರುಷನು ಇಂಥವನು, ಅವನ ಮಕ್ಕಳು ಇಂಥವರು, ಇಂಥ ಊರಿಂದ ಇಲ್ಲಿಗೆ ಬಂದರು ಎಂದು ಹಾಡಿನಂತೆ ಹೇಳಿ, ಧಾನ್ಯವನ್ನೋ ಬಟ್ಟೆಯನ್ನೋ ಪಡೆದು ಹೋಗುತ್ತಿದ್ದರು. ಓದುಬರಹ ಬಾರದ ರೈತನ ಪಾಲಿಗೆ ಅವರೇ ದಫ್ತರ.

ಆ ಕಾಗದಗಳಿಗೆ ಗೆದ್ದಲು ಹತ್ತುತ್ತಿದೆ. ಹಬ್ಬಕ್ಕೆ ಮನೆ ಸಾರಿಸುವಾಗ ಹಳೆಯ ಕಸವೆಂದು ಒಲೆಗೆ ಹಾಕುವವರೂ ಉಂಟು. ಅದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಕಾಗದ ಉಳಿದು ಓದುವವನು ಇಲ್ಲದಂತಾಗುವುದು. ಮುತ್ತಜ್ಜನು ಕನ್ನಡದಲ್ಲಿ ರುಜು ಹಾಕಿದ ಪತ್ರವನ್ನು ಮರಿಮಗನು ತಲೆಕೆಳಗಾಗಿ ಹಿಡಿದುಕೊಂಡರೆ ಆ ಮನೆಯ ಪಾಲಿಗೆ ಬೈರೇಗೌಡನ ಬಂಡಿ ಹೊಳೆಯ ನಡುವೆಯೇ ಮುಳುಗಿದಂತೆ. ಕನ್ನಡ ಶಾಲೆಗೆ ಮಕ್ಕಳು ಏಕೆ ಬರಬೇಕು, ಇದರಿಂದ ಉದ್ಯೋಗ ಸಿಕ್ಕೀತೆ ಎಂದು ಕೇಳುವ ಪೋಷಕರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಉದ್ಯೋಗಕ್ಕೆ ಬೇಕಾದ ಇತರ ಭಾಷೆಗಳನ್ನೂ ನಾವು ಶ್ರದ್ಧೆಯಿಂದ ಕಲಿಸುತ್ತೇವೆ. ಆದರೆ ನಿಮ್ಮ ಮನೆಯ ಗಂಟನ್ನು ಬಿಚ್ಚಿ ಓದುವ ಶಕ್ತಿಯನ್ನು ಬೇರೆ ಯಾವ ಶಾಲೆಯೂ ನಿಮ್ಮ ಮಗುವಿಗೆ ಕೊಡಲಾರದು.

ಆದಕಾರಣ ವಿದ್ಯಾರ್ಥಿಗಳಿಗೆ ಈ ರಜೆಯಲ್ಲಿ ಒಂದು ಕೆಲಸ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜನ ಅಥವಾ ಅಜ್ಜಿಯ ಬಳಿ ಕುಳಿತು, ಅವರಿಗೆ ನೆನಪಿರುವಷ್ಟು ತಲೆಮಾರುಗಳ ಹೆಸರು ಬರೆದುಕೊಳ್ಳಿರಿ. ಗಂಡಸರ ಹೆಸರಿನೊಡನೆ ಹೆಂಗಸರ ಹೆಸರನ್ನೂ, ಅವರ ತವರೂರನ್ನೂ ಬರೆಯಿರಿ. ನಮ್ಮ ವಂಶಾವಳಿಗಳಲ್ಲಿ ಮೊದಲು ಅಳಿಸಿಹೋಗುವುದು ಅವರ ಹೆಸರೇ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಕೆಳಗೆ ಗುರುತು ಹಾಕಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಬರೆಯಿರಿ. ಹಳೆಯ ಕಾಗದವಿದ್ದರೆ ಮನೆಯಲ್ಲಿರುವ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು, ಕಾಗದವನ್ನು ಒಣ ಬಟ್ಟೆಯಲ್ಲಿ ಸುತ್ತಿ ಮತ್ತೆ ಜೋಪಾನವಾಗಿ ಇಡಿರಿ. ಓದಲು ಆಗದ ಅಕ್ಷರ ಬಂದರೆ ಶಾಲೆಗೆ ತನ್ನಿರಿ, ಕೂಡಿ ಓದೋಣ. ಆ ಹಿರಿಯರು ದೊಡ್ಡವರಾಗಿದ್ದರೆ ಸಂತೋಷ. ಬಡವರಾಗಿದ್ದರೆ ಇನ್ನೂ ಹೆಚ್ಚಿನ ಗೌರವದಿಂದ ಬರೆಯಿರಿ. ತಪ್ಪು ಮಾಡಿದ್ದರೆ ಅದನ್ನೂ ಬರೆಯಿರಿ. ನೀವು ಅದನ್ನು ಮತ್ತೆ ಮಾಡದಿದ್ದರೆ ಸಾಕು.

ಪೋಷಕರು ಈ ಕೆಲಸದಲ್ಲಿ ಮಕ್ಕಳಿಗೆ ನೆರವಾಗಬೇಕೆಂದು ಬೇಡುತ್ತೇನೆ. ಅಜ್ಜಿ ಹೇಳುವುದನ್ನು ನಾಳೆ ಕೇಳೋಣ ಎನ್ನಬೇಡಿ. ಊರಿನ ಒಬ್ಬ ಮುದುಕಿ ತೀರಿಕೊಂಡಾಗ ಎಷ್ಟೋ ಮನೆಗಳ ದಾರಿ ಮುಚ್ಚಿಹೋಗುತ್ತದೆ.